ಪೀರ್‌ಬೀಯ ಬಳಿ ಇಟ್ಟ ಹಡಗುಗಳು

ಆ ಬುಧವಾರ ಬೆಳಿಗ್ಗೆ ಸಿಂಧನೂರಿನ ಮೇಲೆ ಮಂಜು ಬಂದು ಕೂತಿದೆ. ಭತ್ತದ ಕೊಯ್ಲು ಮುಗಿದ ಮೇಲೆ ಕೆಲವು ದಿನ ಇಲ್ಲಿ ಹೀಗೆಯೇ. ಕಾಲುವೆ ನೀರು ಕುಡಿದ ಕಪ್ಪು ನೆಲ ಬೆಳಗಿನ ಜಾವಕ್ಕೆ ಉಸಿರು ಬಿಡುತ್ತದೆ. ಆ ಉಸಿರಿಗೆ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಬೆರೆತು, ಊರಿಗೆ ಊರೇ ಕಂಬಳಿ ಹೊದ್ದಂತೆ ಕಾಣುತ್ತದೆ. ಕುಷ್ಟಗಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ದೀಪ ಹಚ್ಚಿಕೊಂಡೇ ಬರುತ್ತಿವೆ. ರದ್ದಿ ಗೋದಾಮಿನ ತಗಡಿನಿಂದ ತೊಟ್ಟು ತೊಟ್ಟು ನೀರು ಇಳಿಯುತ್ತಿದೆ. ರದ್ದಿ ಆರಿಸುವವರಿಗೆ ಇಂಥ ಹವೆ ಆಗಿಬರುವುದಿಲ್ಲ. ತಂಪು ಹಿಡಿದ ಕಾಗದ ಒಂದಕ್ಕೊಂದು ಅಂಟಿಕೊಂಡು ಕೈಗೆ ಬಿಡಿಯಾಗಿ ಬರುವುದಿಲ್ಲ.

ಪೀರ್‌ಬೀ ಅಷ್ಟೊತ್ತಿಗಾಗಲೇ ಗುಡ್ಡೆಯ ಮುಂದೆ ಕೂತಿದ್ದಾರೆ. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ತಲೆಯ ಮೇಲೆ ಬಿಗಿದ ಸೆರಗು, ಮೂಗಿನವರೆಗೆ ಸುತ್ತಿದ ಹಳೆಯ ಟವೆಲ್ಲು. ಪೇಪರು ಎಡಕ್ಕೆ, ನೋಟುಬುಕ್ಕು ಬಲಕ್ಕೆ, ರಟ್ಟು ಹಿಂದಕ್ಕೆ. ತಿರುಗಿ ನೋಡದೆಯೇ ಎಸೆಯುತ್ತಾರೆ. ಇವತ್ತಿನ ಮಾಲು ಹಿಂದಿನ ಸಂಜೆ ಲಿಂಗಸುಗೂರಿನಿಂದ ಟೆಂಪೊದಲ್ಲಿ ಬಂದದ್ದು: ಒಂದು ಖಾಸಗಿ ಶಾಲೆಯ ಹಳೆಯ ಉತ್ತರಪತ್ರಿಕೆ, ಹರಿದ ಭೂಪಟ, ಬಣ್ಣ ಮಾಸಿದ ಕಾಗದದ ಹೂವು.

ಎದುರಿಗೆ ಕೂತು ಅದೇ ಕೆಲಸ ಮಾಡುತ್ತಿರುವ ಮುನ್ನಿಬೀ ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಒಂದು ಉತ್ತರಪತ್ರಿಕೆ ಎತ್ತಿ ಹಿಡಿದು, "ಆಪಾ, ನೋಡ್ರಿ, ಇಲ್ಲೊಬ್ಬ ಸೊನ್ನಿ ತಗೊಂಡಾನ. ಮುಂದಿನ ವರ್ಷ ನಮ್ಮ ಗೋದಾಮಿಗೇ ಬರ್ತಾನ, ಜಾಗ ಹಿಡಿದಿಡ್ರಿ" ಎನ್ನುತ್ತಾಳೆ.

"ಮೊದ್ಲು ನಿನ್ನ ಜಾಗ ಗಟ್ಟಿ ಮಾಡ್ಕೊ ಬೇ. ರಟ್ಟಿನ ಗುಡ್ಡಿಯಾಗ ಪ್ಲಾಸ್ಟಿಕ್ ಕುಂತೈತಿ, ಸೇಠ ನೋಡಿದ್ರ ನಿನಗೂ ಸೊನ್ನೀನ."

ನಗುತ್ತಲೇ ಪೀರ್‌ಬೀ ಇನ್ನೊಂದು ಕಂತೆ ಎಳೆಯುತ್ತಾರೆ. ಅದರ ಜೊತೆ ದಪ್ಪ ರಟ್ಟಿನ ಪುಸ್ತಕವೊಂದು ಜಾರಿ ಮಡಿಲಿಗೆ ಬೀಳುತ್ತದೆ. ಕಂದು ಬಣ್ಣದ ಹೊದಿಕೆ, ಸವೆದ ಮೂಲೆಗಳು. ಅವರ ಕೈ ನಿಂತುಬಿಡುತ್ತದೆ. ಟವೆಲ್ಲು ಕೆಳಗೆ ಸರಿಸಿ ಪುಸ್ತಕ ತೆರೆಯುತ್ತಾರೆ. ಮೊದಲ ಪುಟ ಖಾಲಿ. ಅದರ ಎದುರಿನದೂ ಖಾಲಿ. ಪ್ರತಿ ಪುಟಕ್ಕೂ ಅಡ್ಡಲಾಗಿ ಬಿಗಿದಿದ್ದ ಬಿಳಿ ನೂಲನ್ನು ಯಾರೋ ಕತ್ತರಿ ಆಡಿಸಿ ಕಡಿದಿದ್ದಾರೆ. ತುದಿಗಳು ಗಾಳಿಗೆ ಅಲ್ಲಾಡುತ್ತಿವೆ.

"ಯಾ ಅಲ್ಲಾ... ಇದು ನಮ್ಮ ಅಬ್ಬಾನ ಬುಕ್ಕು" ಎನ್ನುತ್ತಾರೆ ಪೀರ್‌ಬೀ. ಆಮೇಲೆ ಗೋದಾಮು ನಡುಗುವಂತೆ ಕೂಗುತ್ತಾರೆ: "ಇದರಾಗಿನ ಹಡಗು ಎಲ್ಲಿ ಅದಾವ? ಮುನ್ನೀ, ಬಸ್ಸಕ್ಕನ ಹಡಗು ಎಲ್ಲೈತಿ?"

ಇಬ್ಬರೂ ಸೇರಿ ಆ ಗುಡ್ಡೆಯನ್ನು ತಳದವರೆಗೆ ಕೆದರುತ್ತಾರೆ. ಹೂವು, ಭೂಪಟ, ಉತ್ತರಪತ್ರಿಕೆ. ಹಡಗು ಒಂದೂ ಇಲ್ಲ.

ಪೀರ್‌ಬೀ ಕೇಳುತ್ತಿರುವ ಹಡಗುಗಳು ಅಂಚೆ ಚೀಟಿಗಳು. ಅವರ ಮಾತಿನಲ್ಲಿ 'ಟಿಕೀಟು'. ಕಡಲು ಯಾವ ದಿಕ್ಕಿಗಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವ ಈ ಸೀಮೆಯಲ್ಲಿ, ಲಕೋಟೆಯ ಮೇಲೆ ಹಡಗು ಕಂಡರೆ ಸಾಕು, ಹರಿದು ಎಲೆಅಡಿಕೆಯ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತ ಬಂದ ಹೆಂಗಸು ಇವರು. ಹಡಗಿನ ಜೊತೆಗೆ ಇನ್ನೊಂದು ಬಗೆಯ ಚೀಟಿ ಎತ್ತಿಡುತ್ತಾರೆ: ಕಾಗದ ಬರೆಯುವ ಕೈ, ಕೊಕ್ಕಿನಲ್ಲಿ ಲಕೋಟೆ ಹಿಡಿದ ಪಾರಿವಾಳ, ಗರಿಯ ಲೇಖನಿ, ಟಪಾಲು ಚೀಲ ಹೊತ್ತು ಓಡುವವನು. ಈ ಎರಡು ಬಿಟ್ಟು ಮತ್ತೊಂದನ್ನು ಮುಟ್ಟುವುದಿಲ್ಲ. ಹುಲಿ, ಹೂವು, ರೈಲು ಎಲ್ಲವೂ ಅವರಿಗೆ ರದ್ದಿ.

ದಿನಕ್ಕೆ ಐದಾರು ಕ್ವಿಂಟಲ್ ಕಾಗದ ಈ ಇಬ್ಬರು ಹೆಂಗಸರ ಕೈಯಲ್ಲಿ ಹಾಯುತ್ತದೆ. ಬೆಳಗಿನ ನಮಾಜು ಮುಗಿಸಿ ಬಂದು ಕೂತರೆ ಏಳುವುದು ಬಿಸಿಲು ಇಳಿದ ಮೇಲೆ. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿ ರೇಷನ್ ಅಂಗಡಿಯ ಯಂತ್ರ ಪೀರ್‌ಬೀಯವರ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಪ್ರತಿ ತಿಂಗಳೂ ಅಲ್ಲೊಂದು ಜಗಳ. "ನಾ ಜಿಂದಾ ಅದೀನಿ ಅಂತ ಮಶೀನಿಗೆ ಹೇಳಾಕ ಹೋಗಬೇಕ್ರಿ ನಾನು!" ಎನ್ನುತ್ತಾರೆ. ಧೂಳು ಕುಡಿದು ಕುಡಿದು ಗಂಟಲು ಗರಗಸವಾಗಿದೆ. ಇಷ್ಟು ಕಾಗದದ ನಡುವೆ ಈಗ ಒಂದು ಚೀಟಿ ಸಿಕ್ಕರೆ ಅದೇ ಹಬ್ಬ.

"ಈಗೀನ ಲಕೋಟಿ ಮ್ಯಾಲೆ ಟಿಕೀಟು ಎಲ್ಲೈತ್ರಿ? ಕರೇ ಗೆರಿ ಹೊಡದಿರ್ತಾರ, ಬಿಸ್ಕೀಟ್ ಪುಡಿಕಿ ಮ್ಯಾಲೆ ಇರ್ತಾವಲ್ಲ, ಹಂಗ. ಬ್ಯಾಂಕಿನವ್ರು ಬರೀತಾರ, ಫೈನಾನ್ಸಿನವ್ರು ಬರೀತಾರ. ಮನಷ್ಯಾರು ಬರಿಯಂಗಿಲ್ಲ."

ಸಿಕ್ಕ ಚೀಟಿಯನ್ನು ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಅಲ್ಯುಮಿನಿಯಂ ತಾಟಿನ ನೀರಿನಲ್ಲಿ ತೇಲಿಬಿಡುತ್ತಾರೆ. ಅಂಟು ಕರಗಿ ಚೀಟಿ ತಾನಾಗಿ ಲಕೋಟೆಯ ಚೂರನ್ನು ಬಿಡುವವರೆಗೆ ಕೈ ಹಾಕುವುದಿಲ್ಲ. ಎಳೆದರೆ ಬೆನ್ನು ಹರಿಯುತ್ತದೆ. ಬಿಟ್ಟ ಮೇಲೆ ಬೆರಳ ತುದಿಯಿಂದ ಎತ್ತಿ ನೆರಳಲ್ಲಿ ಆರಿಸುತ್ತಾರೆ. ಅಂಟು ಮತ್ತೆ ಹಚ್ಚುವ ಮಾತೇ ಇಲ್ಲ. ಅದು ಅವರ ತಂದೆಯ ಕಟ್ಟಪ್ಪಣೆ.

ತಂದೆ ಅಲ್ಲಾಭಕ್ಷ್, ಗುರುಗುಂಟಾದವರು. ಅಮರೇಶ್ವರನ ಗುಡಿಗೆ ಹೋಗುವ ಜನ ದಾರಿಯಲ್ಲಿ ಇವರ ಮನೆಯಲ್ಲಿ ನೀರು ಕುಡಿದು ಹೋಗುತ್ತಿದ್ದರಂತೆ. ಹೊಲವಿಲ್ಲದ ಮನುಷ್ಯ, ಅಕ್ಷರ ಮಾತ್ರ ದುಂಡಗೆ. ಲಿಂಗಸುಗೂರಿನ ಅಂಚೆ ಕಚೇರಿಯ ಮುಂದಿನ ಬೇವಿನ ಮರದ ಬುಡದಲ್ಲಿ ತಗಡಿನ ಟ್ರಂಕನ್ನೇ ಮೇಜು ಮಾಡಿಕೊಂಡು ಜನರಿಗೆ ಕಾಗದ, ಅರ್ಜಿ, ಮನಿಯಾರ್ಡರು ಬರೆದುಕೊಡುತ್ತಿದ್ದರು. ಸಂತೆಯ ದಿನ ಮಸ್ಕಿಯಲ್ಲಿ ಕೂರುತ್ತಿದ್ದರು. ಆಗ ಈ ಕಡೆಯ ಹಳ್ಳಿಗಳಿಂದ ಗಂಡಸರು ಮುಂಬೈ ಬಂದರಿಗೆ, ಮಸ್ಕತ್ತಿಗೆ, ಕುವೈತಿಗೆ ಹೋಗುತ್ತಿದ್ದ ಕಾಲ. ಉಳಿದ ಹೆಂಗಸರು ಸೆರಗಿನ ಮರೆಯಲ್ಲಿ ಲಕೋಟೆ ಹಿಡಿದು ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು.

ಆ ಹೆಂಗಸರಿಗೆ ಅಲ್ಲಾಭಕ್ಷ್ ಒಂದು ರಿವಾಜು ಇಟ್ಟುಕೊಂಡಿದ್ದರು. ಬರೆದದ್ದಕ್ಕೆ ಏನೂ ಬೇಡ. ಉತ್ತರ ಬಂದರೆ ಅದರ ಮೇಲಿನ ಟಿಕೀಟು ತಂದು ಕೊಡಬೇಕು. ಉತ್ತರ ಬಾರದಿದ್ದರೆ ಅದೂ ಬೇಡ. ಕೊಟ್ಟ ಟಿಕೀಟೂ ಶಾಶ್ವತವಾಗಿ ಅಲ್ಲ, ಇಟ್ಟುಕೊಳ್ಳುವುದಕ್ಕೆ ಮಾತ್ರ. ಪ್ರತಿ ಚೀಟಿಯ ಬೆನ್ನಿನ ಮೇಲೆ ಕೊಟ್ಟವಳ ಹೆಸರು, ಊರು, ಪೆನ್ಸಿಲಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ. ಕೇಳಿದ ದಿನ ಕೇಳಿದವಳ ಕೈಗೆ.

"ನಮ್ಮ ಅಬ್ಬಾ ಎಂದೂ ನಂದು ಅನ್ನಲಿಲ್ಲ ನೋಡ್ರಿ. ಅಮಾನತ್ ಅಂತಿದ್ದ. ಒಬ್ಬರ ಸೊತ್ತು ಇನ್ನೊಬ್ಬರ ಹತ್ರ ನಂಬಿಕಿ ಮ್ಯಾಲೆ ಇರೋದು. ಅದಕ್ಕ ಮೋಸ ಆದ್ರ ನಮಾಜೂ ಒಪ್ಪಿತ ಆಗಂಗಿಲ್ಲ ಅಂತಿದ್ದ."

ಲಿಂಗಸುಗೂರಿನ ದರ್ಜಿಯೊಬ್ಬರು ಸೂಟಿನ ಬಟ್ಟೆಯ ಮಾದರಿ ತುಂಡುಗಳ ದಪ್ಪ ಪುಸ್ತಕವನ್ನು ಬಿಸಾಡುವುದರಲ್ಲಿದ್ದಾಗ ಅಲ್ಲಾಭಕ್ಷ್ ಬೇಡಿ ತಂದರು. ತುಂಡು ಬಟ್ಟೆಗಳನ್ನು ಕಿತ್ತು, ಪುಟ ಪುಟಕ್ಕೂ ನೂಲು ಬಿಗಿದು, ನೂಲಿನ ಕೆಳಗೆ ಚೀಟಿ ಸಿಕ್ಕಿಸಿದರು. ಎಡಗಡೆಯ ಪುಟಕ್ಕೆ ಹಡಗು, ಬಲಗಡೆಯ ಪುಟಕ್ಕೆ ಕಾಗದ. ಒಂದಕ್ಕೊಂದು ಜೋಡಿ. ಪುಸ್ತಕ ಮುಚ್ಚಿದರೆ ಹಡಗಿನ ಮುಖಕ್ಕೆ ಕಾಗದದ ಮುಖ.

"ಹಡಗು ಅಂದ್ರ ಹೋದಾಂವ. ಕಾಗದ ಅಂದ್ರ ಉಳದಾಕಿ" ಎಂದು ಪೀರ್‌ಬೀ ಎರಡು ಅಂಗೈ ಜೋಡಿಸಿ ತೋರಿಸುತ್ತಾರೆ. "ಹಗಲೆಲ್ಲ ದೂರ ಇರ್ಲಿ, ಬುಕ್ಕು ಮುಚ್ಚಿದಾಗಾದ್ರೂ ಒಂದ ಕಡಿ ಇರ್ಲಿ ಅಂತಿದ್ದ. ಅಂಟು ಹಚ್ಚಬ್ಯಾಡ, ಒಮ್ಮಿ ಅಂಟಿ ಸಮುದ್ರ ದಾಟಿ ಬಂದೈತಿ, ಇನ್ನ ಅದಕ್ಕ ಆರಾಮ ಕೊಡು ಅಂತಿದ್ದ."

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಒಬ್ಬ ಅರಸ ತನ್ನ ಹೆಸರು ಸಹಿತ ಬರೆಸಿದ ಮಾತು ಎರಡು ಸಾವಿರ ವರ್ಷ ದಾಟಿ ಉಳಿದಿದೆ. ಅದಕ್ಕೆ ಬೇಲಿ ಇದೆ, ಫಲಕ ಇದೆ. ನೋಡಲು ಬಂದವರು ಕೈಮುಗಿಯುತ್ತಾರೆ, ಮುಗಿಯಲಿ. ಅದೇ ಮಸ್ಕಿಯ ಹೆಣ್ಣುಮಗಳೊಬ್ಬಳ ಹೆಸರು ಉಗುರಗಲದ ಕಾಗದದ ಬೆನ್ನಿಗೆ ಇತ್ತು. ಅದನ್ನು ಕಾಯುತ್ತಿದ್ದದ್ದು ರದ್ದಿ ಆರಿಸುವ ಒಬ್ಬ ಹೆಂಗಸು ಮಾತ್ರ. ಶಿವನ ಕಣ್ಣಿಗೆ ಎರಡೂ ಅಕ್ಷರವೇ. ಮನುಷ್ಯರ ಕಣ್ಣಿಗೆ ಹಾಗಲ್ಲ.

ಆ ಹೆಸರು ಬಸ್ಸಮ್ಮನದು, ಪೀರ್‌ಬೀಯ ಬಾಯಲ್ಲಿ ಬಸ್ಸಕ್ಕ. ಮಸ್ಕಿ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ಮಾರುವ ಹಿರಿಯ ಹೆಂಗಸು. ಮದುವೆಯಾದ ಹೊಸತರಲ್ಲಿ ಗಂಡ ಸೂಗಪ್ಪ ಮುಂಬೈಗೆ ಹೋದ, ಅಲ್ಲಿಂದ ಹಡಗಿನ ತುಕ್ಕು ಕೆರೆದು ಬಣ್ಣ ಹಚ್ಚುವ ಕೆಲಸ ಹಿಡಿದು ಕಡಲಿಗೆ ಹೋದ. ಮಸ್ಕತ್ತಿನಿಂದ ಒಂದು ಕಾಗದ ಬಂತು. ಆಮೇಲೆ ಬರಲಿಲ್ಲ. ಕಾಗದವೂ ಇಲ್ಲ, ಮನುಷ್ಯನೂ ಇಲ್ಲ. ಆ ಲಕೋಟೆಯ ಮೇಲೆ ಒಂದೇ ಹಾಯಿಯ ಹಡಗಿನ ಚೀಟಿ ಇತ್ತು. ಅದನ್ನು ಅಲ್ಲಾಭಕ್ಷರ ಕೈಗೆ ಕೊಡುವಾಗ ಬಸ್ಸಮ್ಮ ಹೇಳಿದ ಮಾತು ಪಕ್ಕದಲ್ಲಿ ಕೂತಿದ್ದ ಹುಡುಗಿ ಪೀರ್‌ಬೀಗೆ ಇವತ್ತಿಗೂ ನೆನಪಿದೆ: "ಇದು ನನ್ನ ಮನ್ಯಾಗ ಇದ್ರ ದಿನಾ ಇದನ್ನ ನೋಡ್ಕೊಂತ ಕುಂದರ್ತೀನಿ, ಕೂಸುಗಳ ಹೊಟ್ಟಿಗೆ ಯಾರು ಹಾಕ್ತಾರ? ನಿನ್ನ ಹತ್ರ ಇರ್ಲಿ ಸಾಬಣ್ಣ. ಬೇಕಾದಾಗ ಕೇಳ್ತೀನಿ."

ತಿಂಗಳ ಹಿಂದೆ ಕೇಳಿದರು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿನ ಊರುಗಳು. ಮಾತು ಮುಟ್ಟಿಸಲು ಬಸ್ಸಿನ ಕಂಡಕ್ಟರ್ ಸಾಕು. ಬಸ್ಸಮ್ಮ ಹೇಳಿ ಕಳಿಸಿದ್ದು ಇಷ್ಟೇ: ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ, ಒಂದು ಕಣ್ಣು ಆಗಲೇ ಕತ್ತಲು, ಇನ್ನೊಂದರಲ್ಲಿ ಬೆಳಕು ಇರುವಷ್ಟರಲ್ಲಿ ನನ್ನ ಹಡಗು ತಂದುಕೊಡು.

ಆದರೆ ಆ ಹೊತ್ತಿಗೆ ಪುಸ್ತಕ ಪೀರ್‌ಬೀಯ ಬಳಿ ಇರಲಿಲ್ಲ. ಅದಕ್ಕೂ ಎರಡು ತಿಂಗಳ ಹಿಂದೆ ಆ ಖಾಸಗಿ ಶಾಲೆಯ ಮುಖ್ಯಸ್ಥ ಶರಣಬಸವ ರದ್ದಿ ಹಾಕಲು ಬಂದವರು ತಾಟಿನಲ್ಲಿ ತೇಲುತ್ತಿದ್ದ ಚೀಟಿ ಕಂಡರು, ಪುಸ್ತಕ ನೋಡಿದರು, ಬೆರಗಾದರು. ಶಾಲೆಯಲ್ಲಿ ಎರಡು ದಿನದ ಪ್ರದರ್ಶನ ಇದೆ, ನಿಮ್ಮ ತಂದೆಯ ಹೆಸರು ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ ಎಂದರು. ಊರವರ ಹೆಸರನ್ನೆಲ್ಲ ಬರೆದ ತಂದೆಯ ಹೆಸರು ಒಮ್ಮೆಯಾದರೂ ಗೋಡೆಯ ಮೇಲೆ ಬರಲಿ ಎಂಬ ಆಸೆಗೆ ಪೀರ್‌ಬೀ ಪುಸ್ತಕ ಕೊಟ್ಟರು. ಎರಡು ದಿನ ಹೋಗಿ ಮೂರು ತಿಂಗಳಾಯಿತು. ಫೋನ್ ಮಾಡಿದರೆ "ನಾಳೆ ಕಳಸ್ತೀನಿ ಅಮ್ಮಾ." ನಾಳೆ ಬಂದದ್ದು ಹೀಗೆ, ರದ್ದಿಯ ಗುಡ್ಡೆಯಲ್ಲಿ, ಖಾಲಿಯಾಗಿ.

ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಪೀರ್‌ಬೀ ಎದ್ದುಬಿಡುತ್ತಾರೆ. "ಸೇಠ ಕೇಳಿದ್ರ ಏನ್ ಹೇಳ್ಲಿ ಆಪಾ?" ಎಂದು ಮುನ್ನಿಬೀ ಕೇಳಿದರೆ, "ಮಯ್ಯತ್ತಿಗೆ, ಮಣ್ಣು ಕೊಡಾಕ ಹೋಗ್ಯಾಳ ಅನ್ನು. ಯಾರದು ಅಂದ್ರ, ಇನ್ನ ಗೊತ್ತಿಲ್ಲ ಅನ್ನು" ಎಂದು ಮಂಜಿನೊಳಗೆ ನಡೆಯುತ್ತಾರೆ. ಲಿಂಗಸುಗೂರಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಕಂಬಿ ಹಿಡಿದು ನಿಂತೇ ಹೋಗುತ್ತಾರೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದಾರೆ. ಶರಣಬಸವ ನಗುನಗುತ್ತ ಎದುರು ಬರುತ್ತಾರೆ.

"ಬರ್ರಿ ಬರ್ರಿ ಅಮ್ಮಾ! ನಾನೇ ಫೋನ್ ಮಾಡೋನಿದ್ದೆ. ನೋಡ್ರಿ, ಹೆಂಗ ಮಾಡಿಸೀನಿ!"

ಮೊಗಸಾಲೆಯ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಬಿಳಿ ಚಾರ್ಟು. ಅದರ ತುಂಬ ಹಡಗುಗಳು. ದೊಡ್ಡದರಿಂದ ಸಣ್ಣದಕ್ಕೆ ಸಾಲು ಹಿಡಿದಿವೆ, ಮೇಲೆ 'ನಮ್ಮ ಶಾಲೆಯ ಅಂಚೆ ಚೀಟಿ ಸಂಗ್ರಹ: ಜಲಸಾರಿಗೆ' ಎಂಬ ಬರಹ. ಕೆಳಗೆ ಮೂಲೆಯಲ್ಲಿ 'ಸೌಜನ್ಯ: ರದ್ದಿ ಅಂಗಡಿ, ಸಿಂಧನೂರು'. ಎಲ್ಲದರ ಮೇಲೂ ಗಟ್ಟಿ ಪ್ಲಾಸ್ಟಿಕ್ ಹೊದಿಕೆ, ಬೆಳಕಿಗೆ ಹೊಳೆಯುತ್ತಿದೆ.

ಪೀರ್‌ಬೀ ಸಾಲು ಸಾಲಾಗಿ ಹುಡುಕುತ್ತಾರೆ. ಮೂರನೆಯ ಸಾಲಿನ ತುದಿಯಲ್ಲಿ ಒಂದೇ ಹಾಯಿಯ ಹಡಗು ಇದೆ.

"ಕಾಗದದವು ಎಲ್ಲ್ಯದಾವ?"

"ಅದು ಬ್ಯಾರೆ ವಿಷಯ ಅಲ್ರೀ, 'ಸಂಪರ್ಕ'. ಆ ಚಾರ್ಟು ನನ್ನ ರೂಮಿನಾಗ, ಕುರ್ಚಿ ಮ್ಯಾಲೆ ಹಾಕಿಸೀನಿ."

"ಜೋಡಿ ಇದ್ವು ಸರ ಅವು."

"ವಿಷಯವಾರು ವಿಂಗಡಣೆ ಅಂತಾರ ಅಮ್ಮಾ ಇದಕ್ಕ. ಹುಡುಗ್ರಿಗೆ ತಿಳೀಬೇಕಲ್ಲ."

"ಅಂಟು ಹಚ್ಚೀರೇನು?"

"ಗಟ್ಟಿ ಬಿಳಿ ಅಂಟು! ಮ್ಯಾಲೆ ಲ್ಯಾಮಿನೇಷನ್. ಇನ್ನ ನೂರು ವರ್ಷ ನೀರು ಬೀಳ್ಲಿ, ಹುಳ ಬೀಳ್ಲಿ, ಏನೂ ಆಗಂಗಿಲ್ಲ."

"ಹಿಂದ ಹೆಸರು ಇದ್ವು."

"ಯಾವ ಹೆಸರು?"

ಅಷ್ಟೂ ಚೀಟಿಗಳಿಗೆ ಅಂಟು ಬಳಿದ ಶಾಲೆಯಲ್ಲಿ ಒಬ್ಬರೂ ಒಂದನ್ನಾದರೂ ಮಗುಚಿ ಓದಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಕಡೆ ಬೆಲೆಬಾಳುವುದನ್ನೆಲ್ಲ ಜನ ಲ್ಯಾಮಿನೇಷನ್ ಮಾಡಿಸಿಡುತ್ತಾರೆ. ರೇಷನ್ ಕಾರ್ಡು, ಅಂಕಪಟ್ಟಿ, ಹೊಲದ ಪಹಣಿ, ತೀರಿಕೊಂಡವರ ಫೋಟೊ, ಮಗಳ ಲಗ್ನಪತ್ರಿಕೆ. ಪೀರ್‌ಬೀಯ ಆಧಾರ್ ಕಾರ್ಡು ಕೂಡ ಅದೇ ಪ್ಲಾಸ್ಟಿಕ್ಕಿನೊಳಗೆ ಇದೆ. ಶರಣಬಸವ ತಮಗೆ ಗೊತ್ತಿದ್ದ ದೊಡ್ಡ ಮರ್ಯಾದೆಯನ್ನೇ ಆ ಚೀಟಿಗಳಿಗೆ ಮಾಡಿದ್ದರು. ಅದರಿಂದ ಸಿಟ್ಟು ಇಳಿಯುವುದಿಲ್ಲ, ಇಳಿಯಲೂ ಬಾರದು. ಇನ್ನೊಬ್ಬರ ವಸ್ತುವಿಗೆ ಕೈ ಹಚ್ಚುವ ಮೊದಲು ಒಂದು ಮಾತು ಕೇಳಬೇಕೆಂಬುದಕ್ಕೆ ಓದು ಬೇಕಿಲ್ಲ. ಹಳ್ಳಿಯಲ್ಲಿ ಪಕ್ಕದ ಮನೆಯ ಮೊರ ತರುವವರೂ ಕೇಳಿಯೇ ತರುತ್ತಾರೆ.

"ಶನಿವಾರ ಅಧಿಕಾರಿಗಳು ಬರ್ತಾರ ಅಮ್ಮಾ. ಅವ್ರ ಕೈಲೆ ನಿಮಗೊಂದು ಶಾಲು, ಹಾರ ಹಾಕಸ್ತೀನಿ."

"ನನ್ನ ಮೈಮ್ಯಾಲೆ ಸೆರಗು ಐತಿ. ಶಾಲು ಆ ಹಡಗಕ್ಕ ಹೊದಸ್ರಿ, ಉಸಿರು ಕಟ್ಟಿ ಸತ್ತಾವ" ಎಂದವರೇ ಪೀರ್‌ಬೀ ಪಕ್ಕದ ಬೆಂಚನ್ನು ಎಳೆದು ಗೋಡೆಗೆ ಹಚ್ಚಿ ಹತ್ತುತ್ತಾರೆ. ಚಾರ್ಟಿನ ಅಂಚು ಹಿಡಿದು ಎಳೆಯುತ್ತಾರೆ. ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದೆ.

"ಅಮ್ಮಾ! ಅದು ಶಾಲಿ ಆಸ್ತಿ! ಇಳೀರಿ ಕೆಳಗ!"

ಅಲ್ಲಿಯವರೆಗೆ ಇದ್ದ 'ಸರ', 'ರೀ' ಎಲ್ಲ ಅಲ್ಲಿಗೆ ಮುಗಿಯುತ್ತದೆ. "ಆಸ್ತಿ? ನಮ್ಮ ಅಬ್ಬಾ ಸಾಯೋಮಟ ಇಟ್ಕೊಂಡು ಒಂದಿನ ನಂದು ಅನ್ನಲಿಲ್ಲ. ನೀ ಮೂರು ತಿಂಗಳಾಗ ಆಸ್ತಿ ಮಾಡ್ಕೊಂಡಿ! ಬುಕ್ಕು ರದ್ದಿಗೆ ಹಾಕಿದಿ, ಹೆಸರು ಅಂಟಿನಾಗ ಮುಳುಗಿಸಿದಿ, ಗಂಡನ್ನ ಹೊರಗ, ಹೆಂಡ್ತಿನ್ನ ಒಳಗ ಹಾಕಿ ಕೀಲಿ ಜಡದಿ! ಏನ್ ಕಲಸ್ತಿ ಈ ಮಕ್ಕಳಿಗೆ?"

ತರಗತಿಗಳ ಕಿಟಕಿಯಲ್ಲಿ ತಲೆಗಳು ಕಿಕ್ಕಿರಿಯುತ್ತವೆ. ಶಿಕ್ಷಕಿಯೊಬ್ಬರು ಬಾಗಿಲಲ್ಲಿ ನಿಂತು ಒಳಗೂ ಹೋಗಲಾರದೆ ಹೊರಗೂ ಬರಲಾರದೆ ಒದ್ದಾಡುತ್ತಾರೆ. ಆಗ ಶಾಲೆಯ ಸಿಪಾಯಿ ನನ್ನೇಸಾಬ ಎಲ್ಲಿಂದಲೋ ಸ್ಕ್ರೂಡ್ರೈವರ್ ತಂದು, ಮುಖ್ಯಸ್ಥರ ಕಡೆ ನೋಡದೆ, ಒಂದೊಂದೇ ಸ್ಕ್ರೂ ಬಿಚ್ಚುತ್ತಾನೆ. "ನನ್ನೇಸಾಬ!" ಎಂದು ಶರಣಬಸವ ಗದರಿದರೆ, "ನಮ್ಮವ್ವನ ಕಾಗದಾನೂ ಅಲ್ಲಾಭಕ್ಷ್ ಚಾಚಾನ ಬರೀತಿದ್ದ್ರೀ ಸರ" ಎಂದಷ್ಟೇ ಹೇಳಿ ಕೊನೆಯದನ್ನೂ ಬಿಚ್ಚುತ್ತಾನೆ.

ಹಡಗುಗಳ ಚಾರ್ಟು ಕೈಗೆ ಬಂತು. ಕಾಗದದ ಚಾರ್ಟು ಬರಲಿಲ್ಲ. ಶರಣಬಸವ ತಮ್ಮ ಕೋಣೆಗೆ ಕೀಲಿ ಹಾಕಿ, ಶನಿವಾರದ ಭೇಟಿ ಮುಗಿಯದೆ ಕೊಡುವುದಿಲ್ಲ ಎಂದರು.

ಮರುದಿನ ಗೋದಾಮಿನ ಹಿತ್ತಲಲ್ಲಿ ಚಾರ್ಟು ಮಗುಚಿ ಬಿದ್ದಿದೆ. ಪೀರ್‌ಬೀ ಒಬ್ಬೊಬ್ಬರ ಚೀಟಿಯನ್ನೂ ಸುತ್ತ ಬೆರಳಗಲ ಬಿಟ್ಟು ಬ್ಲೇಡಿನಿಂದ ಕತ್ತರಿಸುತ್ತಾರೆ. ಹಿಂದಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎಬ್ಬಿಸಿ ಸುಲಿಯುತ್ತಾರೆ. ಚಾರ್ಟಿನ ದಪ್ಪ ಕಾಗದಕ್ಕೆ ನೀರು ತಟ್ಟಿ, ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಹಿಟ್ಟಿನ ಹಾಗೆ ತೆಗೆಯುತ್ತಾರೆ. ಅದರ ಕೆಳಗೆ ಅಂಟು, ಅಂಟಿನ ಕೆಳಗೆ ಚೀಟಿಯ ಬೆನ್ನು. ಮುಂದಿನ ಪ್ಲಾಸ್ಟಿಕ್ ಮಾತ್ರ ಬಿಡುವುದಿಲ್ಲ. ಕಾದ ಯಂತ್ರದಲ್ಲಿ ಹಾಯ್ದು ಅದು ಚಿತ್ರದ ಮುಖಕ್ಕೇ ಕರಗಿ ಕೂತಿದೆ.

"ಮಾರಿ ಪ್ಲಾಸ್ಟಿಕಿನಾಗ ಸತ್ತೈತಿ. ಬೆನ್ನಾದ್ರೂ ಉಳೀಲಿ" ಎನ್ನುತ್ತಾರೆ.

ಕೆಲವು ಬೆನ್ನಿನ ಮೇಲೆ ಹೆಸರು ಮೂಡುತ್ತದೆ. ಜಮೀಲಾಬೀ, ಜವಳಗೇರಾ. ಅಮರೇಶ್ವರಿ, ಗುರುಗುಂಟಾ. ಕೆಲವನ್ನು ಅಂಟು ನುಂಗಿದೆ. ಬರೀ ಬೂದು ಕಲೆ, ಯಾರ ಗಂಡ ಯಾವ ಕಡಲಿಗೆ ಹೋಗಿದ್ದನೋ ಕೇಳುವವರಿಲ್ಲ. ಅಂಥದೊಂದು ಬಂದಾಗಲೆಲ್ಲ ಪೀರ್‌ಬೀಯ ಬಾಯಿಂದ ಬೈಗುಳ ಹೊರಡುತ್ತದೆ, ಹೆಬ್ಬೆರಳು ಬಿರುಸಾಗುತ್ತದೆ. ಹಾಗೆ ತಿಕ್ಕಿದಾಗ ಒಂದು ಚೀಟಿ ಬೆನ್ನು ಸಮೇತ ಹರಿದು ಕೈಗೆ ಬರುತ್ತದೆ.

"ಆಪಾ, ಸಿಟ್ಟಿನ ಕೈಲೆ ತಿಕ್ಕಬ್ಯಾಡ್ರಿ" ಎನ್ನುತ್ತಾಳೆ ಮುನ್ನಿಬೀ. ಈಗ ಅವಳ ಮಾತಿನಲ್ಲಿ ನಗೆಯಿಲ್ಲ. "ಆ ಸರ್ ಕೆಡಿಸಿದ್ದು ಸಾಲದೇನು? ಕೊಡ್ರಿಲ್ಲೆ, ನಾ ಮಾಡ್ತೀನಿ."

ಪೀರ್‌ಬೀ ಹರಿದ ಚೂರನ್ನು ನೋಡುತ್ತ ಕೂರುತ್ತಾರೆ. ಮಿಕ್ಕ ಚೀಟಿಗಳನ್ನು ಮುನ್ನಿಬೀಯ ಕಡೆ ಸರಿಸುತ್ತಾರೆ. ಒಂದೇ ಹಾಯಿಯ ಹಡಗನ್ನು ಮಾತ್ರ ಕೊಡುವುದಿಲ್ಲ, ತಾವೂ ಮುಟ್ಟುವುದಿಲ್ಲ. ಅದನ್ನು ತಾಟಿನ ನೀರಿನಲ್ಲಿ ಬಿಟ್ಟು, ಕೈಕಾಲು ತೊಳೆದು, ಗೋದಾಮಿನ ಮೂಲೆಯಲ್ಲಿ ಚಾಪೆ ಹಾಸಿ ಮಧ್ಯಾಹ್ನದ ನಮಾಜಿಗೆ ನಿಲ್ಲುತ್ತಾರೆ. ಎಂದಿಗಿಂತ ಹೆಚ್ಚು ಹೊತ್ತು ಹಣೆ ನೆಲಕ್ಕೆ ಹಚ್ಚಿಯೇ ಇರುತ್ತಾರೆ. ಎದ್ದು ಬಂದಾಗ ಮುಖದಲ್ಲಿ ಸಿಟ್ಟು ಹಾಗೆಯೇ ಇದೆ. ಕೈ ಮಾತ್ರ ಹಗುರಾಗಿದೆ. ಒದ್ದೆ ಕಾಗದವನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ, ಅಂಟನ್ನು ನೀರು ಅದ್ದಿದ ಅರಳೆಯಿಂದ ಒತ್ತಿ ಒತ್ತಿ ತೆಗೆಯುತ್ತಾರೆ. ಅಲ್ಲಾಭಕ್ಷರ ಇರುವೆ ಸಾಲು ಕಾಣುತ್ತದೆ. 'ಬಸ್ಸಮ್ಮ' ಪೂರ್ತಿ ಇದೆ. 'ಮಸ್ಕಿ'ಯ ಕೊನೆಯ ಅಕ್ಷರ ಅರ್ಧ ಹೋಗಿದೆ.

"ಊರು ಹೋದ್ರ ಹೋಗ್ಲಿ" ಎನ್ನುತ್ತಾಳೆ ಮುನ್ನಿಬೀ. "ಊರು ನಮಗ ಗೊತ್ತೈತಿ."

ಶುಕ್ರವಾರ ನಡುಹಗಲಿಗೆ ಪೀರ್‌ಬೀ ಮಸ್ಕಿಯಲ್ಲಿ ಇಳಿಯುತ್ತಾರೆ. ಬಸ್ ನಿಲ್ದಾಣದ ಎದುರು ನಾಲ್ಕು ತಗಡಿನ ನೆರಳಿನಲ್ಲಿ ಬಸ್ಸಮ್ಮನ ಒಲೆ ಉರಿಯುತ್ತಿದೆ. ಸೊಸೆ ಮೆಣಸಿನಕಾಯಿ ಸೀಳಿ ಕೊಡುತ್ತಾಳೆ, ಬಸ್ಸಮ್ಮ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಎಣ್ಣೆಯ ಸದ್ದು ಕೇಳಿಯೇ ಮಗುಚುತ್ತಾರೆ.

"ಯಾರು, ಪೀರ್‌ಬೀ ಏನು? ಹೆಜ್ಜಿ ಸಪ್ಪಳಕ್ಕ ಗೊತ್ತಾತು. ಸಿಟ್ಟು ಬಂದೋರು ನೆಲ ಬಡದಂಗ ನಡೀತಾರ. ಕುಂದ್ರು ಬೇ."

ಪೀರ್‌ಬೀ ಕೂರುವುದಿಲ್ಲ. ನಿಂತಲ್ಲೇ ಶುರು ಮಾಡುತ್ತಾರೆ. ರದ್ದಿಯಲ್ಲಿ ಬಿದ್ದ ಪುಸ್ತಕ, ಕತ್ತರಿಸಿದ ನೂಲು, ಗೋಡೆ, ಅಂಟು, ಪ್ಲಾಸ್ಟಿಕ್ಕು, ಶಾಲು. ತಿನ್ನುತ್ತಿದ್ದ ಗಿರಾಕಿಗಳ ಕೈ ತಟ್ಟೆಗೂ ಬಾಯಿಗೂ ನಡುವೆ ನಿಲ್ಲುತ್ತದೆ. ಒಬ್ಬಾತ, "ಕೇಸ್ ಹಾಕ್ರಿ ಅವ್ರ ಮ್ಯಾಲೆ, ಬಿಡಬ್ಯಾಡ್ರಿ" ಎಂದು ಎದ್ದೇ ನಿಲ್ಲುತ್ತಾನೆ.

"ನೀ ಮೊದ್ಲು ಮಿರ್ಚಿ ತಿನ್ನಪ, ಆರತಾವ. ಆರಿದ ಮ್ಯಾಲೆ ಕೇಸು ನನ್ನ ಮ್ಯಾಲೆ ಹಾಕ್ತಿ" ಎನ್ನುತ್ತಾರೆ ಬಸ್ಸಮ್ಮ.

"ಹಡಗದ ಮಾರಿ ಹೋತು ಅಕ್ಕಾ. ಅದರ ಜೋಡಿ ಆ ಸರನ ಕುರ್ಚಿ ಮ್ಯಾಲೆ ಜೋತು ಬಿದ್ದೈತಿ. ನಾಳಿ ಶನಿವಾರ, ನಾಳೀನ ಹೋಗ್ತೀನಿ, ಕೀಲಿ ಒಡೀಬೇಕಾದ್ರ ಒಡೀತೀನಿ. ಇಷ್ಟು ಹೇಳಿದೆ, ನಿನ್ನ ಬಾಯಾಗ ಒಂದು ಬೈಗಳ ಬರವಲ್ದಲ್ಲ! ನಿಂದು ಅದು! ನಿಂದು!"

ಬಸ್ಸಮ್ಮ ಜಾಲರಿ ಸೌಟಿನಲ್ಲಿ ಭಜಿಗಳನ್ನು ಎತ್ತಿ ಎಣ್ಣೆ ಬಸಿಯುತ್ತಾರೆ. ಬುಟ್ಟಿಗೆ ಸುರಿದು, ಕಾಣುವ ಕಣ್ಣನ್ನು ಪೀರ್‌ಬೀಯ ಕಡೆ ತಿರುಗಿಸುತ್ತಾರೆ.

"ಬೈತೀನಿ. ಕಣ್ಣು ಹೋದ ಮ್ಯಾಲೂ ಬಾಯಿ ಇರ್ತೈತಿ. ಆವಾಗ ನಾನೂ ನೀನೂ ಕುಂತು ಹೊಟ್ಟಿತುಂಬ ಬೈಯೋಣು. ಈಗ ಇನ್ನ ಬೆಳಕು ಐತಿ. ಕೊಡು."

ಪೀರ್‌ಬೀ ಹತ್ತಿರ ಬರುತ್ತಾರೆ. ಬಾಗಿ ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದು ಉರಿ ತಗ್ಗಿಸುತ್ತಾರೆ. ಬಸ್ಸಮ್ಮನ ಬಲಗೈ ಹಿಡಿದು, ಹತ್ತಿಕೊಂಡ ಕಡಲೆಹಿಟ್ಟನ್ನು ತಮ್ಮ ಸೆರಗಿನಿಂದ ಒರೆಸುತ್ತಾರೆ, ಒಂದೊಂದೇ ಬೆರಳು. ಎಲೆಅಡಿಕೆಯ ಡಬ್ಬಿ ತೆರೆದು, ಅದರಲ್ಲಿದ್ದ ಒಂದೇ ಒಂದು ಚೀಟಿಯನ್ನು ತೆಗೆದು, ಹೆಸರು ಬರೆದ ಬೆನ್ನು ಕೆಳಗಾಗಿ, ಪ್ಲಾಸ್ಟಿಕ್ಕಿನೊಳಗಿನ ಹಡಗು ಮೇಲಾಗಿ ಆ ಅಂಗೈಯ ನಡುವೆ ಇಡುತ್ತಾರೆ. ಆಮೇಲೆ ಬಸ್ಸಮ್ಮನ ಕೈಯನ್ನು ತಗಡಿನ ನೆರಳಿನಿಂದ ಮೆಲ್ಲಗೆ ಬಿಸಿಲಿಗೆ ಸರಿಸುತ್ತಾರೆ.